ಹಸಿರು ಬಣ್ಣದ ಸಮಾಧಾನ

ಕನ್ನಡ ಪಾಠ ಹೇಳುವವನಿಗೆ ವಿಕಿರಣದ ಗೊಡವೆ ಏಕೆಂದು ಕೇಳುವ ಮಿತ್ರರಿದ್ದಾರೆ. ನಾನಿರುವುದು ಗೌರಿಬಿದನೂರಿನಲ್ಲಿ. 1965ರಿಂದ ಇಲ್ಲಿಯ ನೆಲದಲ್ಲಿ ಪರಮಾಣು ಇಲಾಖೆಯ 20 ಭೂಕಂಪನ ಗ್ರಾಹಕಗಳು ಕಿವಿಗೊಟ್ಟು ಕುಳಿತಿವೆ. ದೂರದ ದೇಶದಲ್ಲಿ ನೆಲದಡಿ ಬಾಂಬು ಸಿಡಿಸಿದರೆ ಅದರ ನಡುಕವನ್ನು ಹಿಡಿಯುವುದು ಅವುಗಳ ಕೆಲಸ. ಅವು ವಿಕಿರಣವನ್ನು ಅಳೆಯುವುದಿಲ್ಲ, ನಿಜ. ಆದರೆ ಅಳೆಯುವವರು ಯಾರೋ, ಅಳತೆಗೊಳಗಾದ ನೆಲದಲ್ಲಿ ಬಾಳುವವರು ಯಾರೋ ಎಂಬ ಯೋಚನೆ ಇಂಥ ಊರಿನವನಿಗೆ ಸಹಜವಾಗಿಯೇ ಬರುತ್ತದೆ.

ಈಗ ವಿಕಿರಣದ ಅಳತೆಗಳನ್ನು ನಕ್ಷೆಯ ಮೇಲೆ ಬಣ್ಣದಲ್ಲಿ ತೋರಿಸುವ ಪದ್ಧತಿ ಬಂದಿದೆ. ಬೆರಳಿಟ್ಟರೆ ಸೀಮೆ ದೊಡ್ಡದಾಗುತ್ತದೆ, ಚುಕ್ಕೆ ಮುಟ್ಟಿದರೆ ಅಂಕಿ ಮೂಡುತ್ತದೆ. ನಮ್ಮಲ್ಲೂ ಭಾಭಾ ಪರಮಾಣು ಸಂಶೋಧನಾ ಕೇಂದ್ರ ದೇಶದ ಉದ್ದಗಲಕ್ಕೂ ತಾನಾಗಿಯೇ ಅಳೆಯುವ ಮಾಪಕಗಳ ಜಾಲವನ್ನು ನೇಯ್ದಿದೆ. "ಇವನ್ನೆಲ್ಲ ಜನರಿಗೆ ತೋರಿಸಿದರೆ ಸುಮ್ಮನೆ ಹೆದರಿಯಾರು" ಎಂಬುದು ವಿಜ್ಞಾನ ಪಾಠ ಹೇಳುವ ನನ್ನ ಸಹೋದ್ಯೋಗಿಯ ಮತ.

2011ರ ಮಾರ್ಚಿನಲ್ಲಿ ಜಪಾನಿನವರಿಗೂ ಇದೇ ಭಯವಿತ್ತು. ಫುಕುಶಿಮಾದ ವಿಕಿರಣ ಯಾವ ದಿಕ್ಕಿಗೆ ಹರಡಬಹುದೆಂದು ಸರ್ಕಾರದ ಗಣಕಗಳು ಲೆಕ್ಕ ಹಾಕಿದ್ದವು. ಆ ಲೆಕ್ಕ ಸಕಾಲಕ್ಕೆ ಜನರ ಕೈಸೇರಲಿಲ್ಲ. ನಮಿಎ ಪಟ್ಟಣದ ಅನೇಕರು ಸುರಕ್ಷಿತವೆಂದು ನಂಬಿ ತ್ಸುಶಿಮಾಕ್ಕೆ ಹೋಗಿ ತಂಗಿದರು. ವಿಕಿರಣವೂ ಅತ್ತಲೇ ಹೋಯಿತು. ಹೆದರಿಕೆ ಬೇಡವೆಂದು ಮುಚ್ಚಿಟ್ಟ ನಕ್ಷೆಗೆ ಇಷ್ಟು ಬೆಲೆ! ಅನಂತರ ಸೇಫ್‌ಕಾಸ್ಟ್ ಎಂಬ ನಾಗರಿಕರ ಬಳಗ ಮೋಟಾರುಗಳಿಗೆ ಮಾಪಕ ಕಟ್ಟಿಕೊಂಡು ಬೀದಿಬೀದಿಗಳನ್ನು ಅಳೆದು, ಅಂಕಿಗಳನ್ನು ಎಲ್ಲರ ಬಳಕೆಗೂ ತೆರೆದಿಟ್ಟಿತು.

ತೋರಿಸಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ನನ್ನ ಜಗಳವಿರುವುದು ತೋರಿಸುವ ರೀತಿಯ ಮೇಲೆ.

ಕಳೆದ ವರ್ಷ ತರಗತಿಯಲ್ಲಿ ಮೊಬೈಲಿನೊಳಗೆ ಇಂಥದೊಂದು ನಕ್ಷೆಯನ್ನು ತೆರೆದೆ. ಮಾಪಕವಿದ್ದ ಚುಕ್ಕೆ ಎಲ್ಲೋ ದೂರದಲ್ಲಿ. ನಮ್ಮ ತಾಲ್ಲೂಕಿಗೆ ಮಾತ್ರ ಸೊಗಸಾದ ಹಸಿರು. ಎರಡು ಚುಕ್ಕೆಗಳ ನಡುವಣ ಜಾಗವನ್ನು ಗಣಕ ಊಹಿಸಿ ತುಂಬಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ನಮ್ಮೂರು ಹಸಿರಲ್ಲಿದೆ, ಹಾಗಾದರೆ ಬೋರ್‌ವೆಲ್ ನೀರು ಕುಡೀಬಹುದಾ?" ಎಂದಳು.

ಕುಡಿಯಬಹುದೆಂದು ಆ ಹಸಿರು ಹೇಳಲಾರದು. ಗಾಳಿಯಲ್ಲಿಟ್ಟ ಮಾಪಕ ಗಾಮಾ ಕಿರಣವನ್ನು ಎಣಿಸುತ್ತದೆ. ನೂರಾರು ಅಡಿ ಕೆಳಗಿನ ನೀರಿನಲ್ಲಿ ಕರಗಿದ ಯುರೇನಿಯಂ ಅದಕ್ಕೆ ಕಾಣದು. ನಮ್ಮ ಜಿಲ್ಲೆಯೂ ಸೇರಿದಂತೆ ಪೂರ್ವ ಕರ್ನಾಟಕದ ಕೊಳವೆಬಾವಿಗಳಲ್ಲಿ ಈ ಧಾತು ಮಿತಿಮೀರಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಮೀರಿದರೆ ಮೊದಲ ಪೆಟ್ಟು ಮೂತ್ರಪಿಂಡಕ್ಕೆ.

ಕೆಂಪಿನದೂ ಇದೇ ಪಾಡು. ನಂದಿಯ ಸುತ್ತಲಿನ ಗ್ರಾನೈಟ್ ತಾನಾಗಿಯೇ ತುಸು ವಿಕಿರಣ ಸೂಸುತ್ತದೆ. ಕೇರಳದ ಕರುನಾಗಪ್ಪಳ್ಳಿಯ ಮರಳಿನ ಥೋರಿಯಂ ಇನ್ನೂ ಹೆಚ್ಚು. ಜೋರು ಮಳೆ ಬಂದರೆ ಗಾಳಿಯಲ್ಲಿದ್ದ ರೇಡಾನ್‌ನ ಸಂತತಿ ನೆಲಕ್ಕಿಳಿದು, ಕೆಲವು ಗಂಟೆ ಮಾಪಕದ ಅಂಕಿ ಏರುತ್ತದೆ. ಇದನ್ನರಿಯದ ನಕ್ಷೆ ಮಳೆಯನ್ನೇ ಅಪಘಾತವೆಂದು ಸಾರೀತು. ಇಡೀ ದೇಶಕ್ಕೆ ಒಂದೇ ಅಳತೆಗೋಲಿನ ಬಣ್ಣ ಬಳಿಯುವುದು, ಎಲ್ಲ ಊರಿನ ಮಾತನ್ನೂ ಒಂದೇ ನಿಘಂಟಿನಿಂದ ತಿದ್ದುವ ಪಂಡಿತನ ಕೆಲಸ. (ಅಂಥವರು ನಮ್ಮ ವೃತ್ತಿಯಲ್ಲೂ ಉಂಟು.)

ಆದುದರಿಂದ, ನಕ್ಷೆ ಬರೆಯುವ ತರುಣರೆ, ಮಾಪಕವಿಲ್ಲದ ಕಡೆ ಬಣ್ಣ ಬಳಿಯಬೇಡಿ, ಬಿಳಿಯಾಗಿಯೇ ಬಿಡಿ. ಚುಕ್ಕೆ ಮುಟ್ಟಿದವನಿಗೆ ಇಂದಿನ ಅಂಕಿಯ ಪಕ್ಕದಲ್ಲೇ ಆ ಜಾಗದ ವರ್ಷಾವಧಿಯ ವಾಡಿಕೆಯ ಅಂಕಿಯೂ, ಅಳೆದ ಹೊತ್ತೂ ಕಾಣಲಿ. ಅದರ ಕೆಳಗೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ: ಇದು ಗಾಳಿಯ ಅಳತೆ, ನೀರಿನದಲ್ಲ.

ಆ ಹುಡುಗಿಗೆ ನೀರನ್ನು ಪರೀಕ್ಷೆಗೆ ಕಳುಹಿಸು ಎಂದೆ. ಬಾಟಲಿಯನ್ನು ಯಾವ ಕಚೇರಿಗೆ ಒಯ್ಯಬೇಕೆಂದು ಅವಳು ಕೇಳಿದಳು. ನಾನು ವಿಚಾರಿಸಿ ಹೇಳುವೆನೆಂದೆ. ಮೂರು ಕಚೇರಿಗಳಲ್ಲಿ ವಿಚಾರಿಸಿದೆ, ಇನ್ನೂ ವಿಚಾರಿಸುತ್ತಿದ್ದೇನೆ.