ಬಿಟ್ಟ ತುತ್ತು ಯಾರ ಪಾಲಿಗೆ?

2025ನೆಯ ಇಸವಿಯಲ್ಲಿ ಒಂದು ವಿಶೇಷ ಕೂಡಿಬಂದಿತ್ತು. ಫೆಬ್ರವರಿ 26ರಂದು ಮಹಾಶಿವರಾತ್ರಿ, ಮಾರ್ಚಿ 2ರಂದು ರಂಜಾನಿನ ಮೊದಲ ರೋಜಾ, ಮಾರ್ಚಿ 5ರಂದು ಕ್ರೈಸ್ತರ ಬೂದಿ ಬುಧವಾರ. ಎಂಟು ದಿನಗಳೊಳಗೆ ಮೂರು ಮತದವರ ಉಪವಾಸ! ಒಂದೇ ಬೆಂಚಿನ ಮೇಲೆ ಮೂರು ಬಗೆಯ ಮನೆಗಳ ಮಕ್ಕಳು ಕುಳಿತು ಓದುವ ಹಿಂದೂಪುರದಂಥ ಊರಿನಲ್ಲಿ ಇದು ಮಾತಿಗೆ ವಸ್ತುವಾಗದೆ ಇರುವುದಿಲ್ಲ. ಶಿವರಾತ್ರಿಯ ಜಾಗರಣೆ ಎಲ್ಲರಿಗೂ ಗೊತ್ತು, ರೋಜಾ ಗೊತ್ತು. "ನಿಮ್ಮ ನಲವತ್ತು ದಿನದ್ದು ಏನು ಮೇಡಂ? ನೀವು ಮಧ್ಯಾಹ್ನ ಊಟ ಮಾಡುತ್ತೀರಲ್ಲ?" ಎಂದು ಮಕ್ಕಳು ನನ್ನನ್ನು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ತರಗತಿಯಲ್ಲಿ ಪಾಠದ ನಡುವೆ ಹೇಳಲು ವೇಳೆ ಸಾಲದ್ದರಿಂದ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕನ್ನಡ ಕಲಿಸುವವಳಾದ್ದರಿಂದ ಮೊದಲು ಹೆಸರಿನಿಂದಲೇ ತೊಡಗುತ್ತೇನೆ. ಇಂಗ್ಲಿಷಿನವರು ಇದನ್ನು ಲೆಂಟ್ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ವಸಂತ ಎಂದಷ್ಟೇ ಅರ್ಥ. ಹಗಲು ಉದ್ದವಾಗುವ ಕಾಲ. ಉಪವಾಸದ ಸುಳಿವೂ ಆ ಪದದಲ್ಲಿಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರು ಕರೆಜ್ಮ್ ಎನ್ನುತ್ತಾರೆ; ಅದು ನಲವತ್ತು ಎಂಬ ಎಣಿಕೆಯಿಂದ ಹುಟ್ಟಿ, ಪೋರ್ಚುಗೀಸರ ಬಾಯಿಂದ ಬಂದ ಮಾತು. ನಮ್ಮ ಊರಿನ ತೆಲುಗು ಸಭೆಗಳಲ್ಲಿ ಶ್ರಮಲ ದಿನಾಲು ಎಂದು ಕೇಳುತ್ತೇವೆ. ಯೇಸು ಪಟ್ಟ ಪಾಡನ್ನು ನೆನೆಯುವ ದಿನಗಳೆಂದು ಅದರ ಭಾವ. ಕನ್ನಡ ಕಥೋಲಿಕರು ತಪಸ್ಸು ಕಾಲ ಎನ್ನುತ್ತಾರೆ. ಇವೆಲ್ಲದರಲ್ಲಿ ನನಗೆ ಹೆಚ್ಚು ಒಪ್ಪುವುದು ಈ ಕೊನೆಯದು. ತಪಸ್ಸೆಂದರೆ ಕಾಯುವುದು, ಬಿಸಿಯಾಗುವುದು. ಶಿವರಾತ್ರಿ ಕಳೆದು, ಪೆನ್ನೆಯ ಮರಳು ಕಾಲು ಸುಡಲು ತೊಡಗುವ ಹೊತ್ತಿಗೆ ಬರುವ ಈ ವ್ರತಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ತಕ್ಕ ಹೆಸರು ದೊರೆಯಲಾರದು.

ಯೇಸು ತನ್ನ ಬೋಧನೆಯ ಕಾರ್ಯಕ್ಕೆ ತೊಡಗುವ ಮುನ್ನ ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದನೆಂದು ಸುವಾರ್ತೆಗಳು ಹೇಳುತ್ತವೆ. ಅದರ ನೆನಪಿಗೆ ಈ ನಲವತ್ತು. ಕ್ರಿ.ಶ. 325ರಲ್ಲಿ ನೈಸೀಯದಲ್ಲಿ ಕೂಡಿದ ಸಭೆಯ ನಿರ್ಣಯಗಳಲ್ಲಿಯೇ ಇದರ ಉಲ್ಲೇಖವುಂಟು. ಬೂದಿ ಬುಧವಾರದಿಂದ ಪುನರುತ್ಥಾನದ ಹಬ್ಬದವರೆಗೆ ಕ್ಯಾಲೆಂಡರು ಹಿಡಿದು ಎಣಿಸಿದರೆ ನಲವತ್ತಾರು ದಿನ ಬರುತ್ತದೆ; ಲೆಕ್ಕದ ಮಾಸ್ತರರು ತಪ್ಪು ಹಿಡಿಯಬಾರದು. ನಡುವಿನ ಆರು ಭಾನುವಾರಗಳು ಹಬ್ಬದ ದಿನಗಳಾದ್ದರಿಂದ ಅವನ್ನು ಕಳೆಯಬೇಕು. ಇನ್ನು ಕ್ರೈಸ್ತರ ಹಬ್ಬಗಳಿಗೂ ಚಂದ್ರನಿಗೂ ಸಂಬಂಧವಿಲ್ಲವೆಂದು ಅನೇಕರು ತಿಳಿದಿದ್ದಾರೆ. ಕ್ರಿಸ್ಮಸ್ಸಿನ ಮಟ್ಟಿಗೆ ಅದು ನಿಜ. ಆದರೆ ಪುನರುತ್ಥಾನದ ಹಬ್ಬವು ಮಾರ್ಚಿ 21ರಂದು ಅಥವಾ ಅದಾದ ಮೇಲೆ ಬರುವ ಹುಣ್ಣಿಮೆ ಕಳೆದ ಭಾನುವಾರ. ಆದುದರಿಂದಲೇ ಅದು ಮಾರ್ಚಿ 22ರಿಂದ ಏಪ್ರಿಲ್ 25ರವರೆಗೆ ಹಿಂದು ಮುಂದು ಆಡುತ್ತಿರುತ್ತದೆ. ಬೂದಿಯ ಮಾತೂ ಸ್ವಾರಸ್ಯವಾದದ್ದು. ಹಿಂದಿನ ವರ್ಷ ಗರಿಗಳ ಭಾನುವಾರ ಜಯಕಾರ ಹಾಕಿ ಹಿಡಿದ ಗರಿಗಳನ್ನೇ ಸುಟ್ಟು ಆ ಬೂದಿಯನ್ನು ಹಣೆಗೆ ಇಡುವುದು ವಾಡಿಕೆ. ಕನ್ನಡ ಕಥೋಲಿಕರು ಆ ದಿನವನ್ನು ವಿಭೂತಿ ಬುಧವಾರವೆಂದೂ ಕರೆಯುತ್ತಾರೆ. ಬಸವಣ್ಣನವರ ನಾಡಿನ ಭಾಷೆಗೆ ಆ ಪದ ಹೊಸದಾಗಿ ಕಲಿಸಬೇಕಾದದ್ದೇನಲ್ಲ.

ಎಲ್ಲ ಕ್ರೈಸ್ತರೂ ಒಂದೇ ರೀತಿ ನಡೆಯುವುದಿಲ್ಲವೆಂಬುದನ್ನೂ ಹೇಳಬೇಕು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಐವತ್ತು ದಿನದ ನೋಂಬು ಉಂಟು. ಮಾಂಸ ಮೀನು ಮುಟ್ಟುವುದಿಲ್ಲ. ಪೆಂತೆಕೋಸ್ತ್ ಸಭೆಗಳವರು ಬಹುಮಟ್ಟಿಗೆ ಈ ಕಾಲವನ್ನೇ ಗಣಿಸುವುದಿಲ್ಲ. ಬೇಕೆನಿಸಿದಾಗ ಉಪವಾಸ ಪ್ರಾರ್ಥನೆ ಇಟ್ಟುಕೊಳ್ಳುತ್ತಾರೆ. ಕಥೋಲಿಕರಲ್ಲಿ ಮೊದಲು ನಿಯಮ ಬಹಳ ಬಿಗಿ ಇತ್ತು. 1966ರಲ್ಲಿ ಪೋಪ್ ಆರನೆಯ ಪೌಲರು ಅದನ್ನು ಸಡಿಲಿಸಿ, ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನಗಳಲ್ಲಿ ಉಪವಾಸ ಕಡ್ಡಾಯವೆಂದರು. ಅದೂ ನಿರಾಹಾರವಲ್ಲ. ಒಂದು ಹೊತ್ತು ಪೂರ್ತಿ ಊಟ, ಉಳಿದ ಎರಡು ಹೊತ್ತು ಸ್ವಲ್ಪ ಸ್ವಲ್ಪ. ನಮ್ಮ ಹಿರಿಯರ ಒಪ್ಪತ್ತಿಗೆ ಹತ್ತಿರದ್ದು. ನಮ್ಮ ಸಿ.ಎಸ್.ಐ. ಸಭೆಗಳಲ್ಲಿ ಕಡ್ಡಾಯವೆಂಬುದೇ ಇಲ್ಲ. ಅವರವರ ಮನಸ್ಸಿಗೆ ಬಿಟ್ಟದ್ದು. ನಾನು ಮಧ್ಯಾಹ್ನ ಊಟ ಮಾಡುವುದಕ್ಕೆ ಕಾರಣ ಈಗ ತಿಳಿಯಿತಷ್ಟೆ.

ಮನಸ್ಸಿಗೆ ಬಿಟ್ಟದ್ದರಲ್ಲಿಯೇ ಕಷ್ಟ ಇರುವುದು. ಏನನ್ನು ಬಿಡಬೇಕು? ಸಾಮಾನ್ಯವಾಗಿ ಬರುವ ಉತ್ತರ: ಮಾಂಸ. ಆದರೆ ಅನಂತಪುರ ಸೀಮೆಯೆಂದರೆ ಮಳೆಗೆ ಮುಖ ನೋಡುತ್ತ ಕುಳಿತಿರುವ ಸೀಮೆ. ರಾಗಿ ಮುದ್ದೆ, ಹುರುಳಿ ಸಾರು, ಒಣಮೆಣಸಿನಕಾಯಿ ಚಟ್ನಿ ಎಂಬುದು ಎಷ್ಟೋ ಮನೆಗಳಲ್ಲಿ ವ್ರತವಲ್ಲ, ನಿತ್ಯದ ಊಟ. ತಿಂಗಳಿಗೊಮ್ಮೆ ಕೋಳಿ ಕೊಯ್ಯುವ ಮನೆಯವರು ನಲವತ್ತು ದಿನ ಮಾಂಸ ಬಿಟ್ಟರೆ ಬಿಟ್ಟದ್ದೆಷ್ಟು? ಒಂದೂವರೆ ಊಟ! ಇನ್ನೊಂದು ಕಡೆ, ಮಾಂಸ ಬಿಟ್ಟೆನೆಂದು ಹೇಳಿ ದಿನವೂ ಬಗೆಬಗೆಯ ಪಲ್ಯ, ಪಾಯಸ ಮಾಡಿಸಿಕೊಂಡು ಉಣ್ಣುವವರನ್ನೂ ನೋಡಿದ್ದೇನೆ. ಅಲ್ಲಿ ಶ್ರಮೆ ಅಡಿಗೆಮನೆಯಲ್ಲಿ ನಿಂತವಳದು. ಯಜಮಾನರಿಗೆ ವ್ರತದ ಅಡಿಗೆ, ಮಕ್ಕಳಿಗೆ ಬೇರೆ ಅಡಿಗೆ ಎಂದು ಎರಡೆರಡು ಒಲೆ ಹಚ್ಚುವ ತಾಯಿಯ ತ್ಯಾಗವನ್ನು ಯಜಮಾನರ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವೇ? ನನ್ನ ಅಭಿಪ್ರಾಯ ಇಷ್ಟೇ: ನಾನು ಬಿಟ್ಟದ್ದರ ಭಾರ ಇನ್ನೊಬ್ಬರ ತಲೆಯ ಮೇಲೆ ಬಿದ್ದರೆ ಅದು ನನ್ನ ತ್ಯಾಗವಲ್ಲ.

ಈ ಮಾತು ಹೊಸದಲ್ಲ. ಬೈಬಲಿನ ಯೆಶಾಯನ ಗ್ರಂಥದ 58ನೆಯ ಅಧ್ಯಾಯವನ್ನು ಓದಿದವರಿಗೆ ಗೊತ್ತಿದೆ. ಉಪವಾಸ ಮಾಡಿಕೊಂಡೇ ಆ ದಿನ ಕೂಲಿಯಾಳುಗಳನ್ನು ಗೇಯಿಸುವ ಜನರನ್ನು ಪ್ರವಾದಿಯು ಅಲ್ಲಿ ಗದರಿಸುತ್ತಾನೆ. ಹಸಿದವನೊಂದಿಗೆ ರೊಟ್ಟಿ ಹಂಚಿಕೊಳ್ಳುವುದೇ ದೇವರಿಗೆ ಬೇಕಾದ ಉಪವಾಸವೆಂದು ಅವನ ಮಾತಿನ ತಾತ್ಪರ್ಯ. ಕೂಲಿಯ ಮಾತು ಬಂದಾಗ ನನಗೆ ನಮ್ಮ ಅಜ್ಜಿ ನೆನಪಾಗುತ್ತಾರೆ. ಮಾಘ ಫಾಲ್ಗುಣದಲ್ಲಿ ನಮ್ಮ ಕಡೆ ಹುಣಸೆಯ ಸುಗ್ಗಿ. ಅಜ್ಜಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಅವರಿಗೆ ಊಟ ಒಂದು ಹೊತ್ತು ತಪ್ಪಿದರೂ ನಡೆಯುತ್ತಿತ್ತು, ಎಲೆ ಅಡಿಕೆ ತಪ್ಪಿದರೆ ನಡೆಯುತ್ತಿರಲಿಲ್ಲ. ಆ ನಲವತ್ತು ದಿನ ಅವರು ಬಿಡುತ್ತಿದ್ದುದು ಅದನ್ನೇ. ಮೊದಲ ವಾರ ಅವರ ಸಿಟ್ಟು ತಡೆಯುವುದು ಕಷ್ಟವಾಗುತ್ತಿತ್ತು. "ಅಮ್ಮ ಎಲೆ ಅಡಿಕೆ ಬಿಟ್ಟರೆ ಶ್ರಮೆಯ ದಿನಗಳು ನಮಗೆ" ಎಂದು ನಮ್ಮ ತಂದೆ ನಗುತ್ತಿದ್ದರು. ಅಡಿಕೆಗೆ ಕೊಡಬೇಕಾಗಿದ್ದ ಚಿಲ್ಲರೆ ಒಂದು ತಗಡಿನ ಡಬ್ಬಿಗೆ ಬೀಳುತ್ತಿತ್ತು. ಹಬ್ಬದ ಹಿಂದಿನ ದಿನ ಅದರಲ್ಲಿ ರಾಗಿಯೋ ಬೆಲ್ಲವೋ ಕೊಂಡು, ಗಂಡ ಹಾಸಿಗೆ ಹಿಡಿದಿದ್ದ ಹಿಂದಿನ ಬೀದಿಯ ಒಬ್ಬ ಹೆಂಗಸಿಗೆ ಕೊಟ್ಟುಬರುತ್ತಿದ್ದರು. ಆಕೆ ನಮ್ಮ ಸಭೆಯವಳಲ್ಲ. ಏಕೆ ಎಂದು ಯಾರೂ ಕೇಳಲಿಲ್ಲ, ಅಜ್ಜಿಯೂ ಹೇಳಲಿಲ್ಲ.

ಬಿಡುವುದು ಅರ್ಧ, ಕೊಡುವುದು ಇನ್ನರ್ಧ. ಬಿಟ್ಟು ಉಳಿಸಿಕೊಂಡರೆ ಅದಕ್ಕೆ ಮಿತವ್ಯಯವೆಂದು ಹೆಸರು. ಮಿತವ್ಯಯ ಒಳ್ಳೆಯ ಗುಣವೇ, ಆದರೆ ಅದು ವ್ರತವಲ್ಲ. ಇಂಗ್ಲೆಂಡಿನಲ್ಲಿ 1886ರಲ್ಲಿ ಸಾಲ್ವೇಶನ್ ಆರ್ಮಿಯ ಜಾನ್ ಕಾರ್ಲ್‌ಟನ್ ಎಂಬಾತ, ಕೊಡಲು ಕೈಯಲ್ಲಿ ಹಣವಿಲ್ಲದ್ದರಿಂದ, ಊಟದ ಕೊನೆಗೆ ತಿನ್ನುವ ಪುಡ್ಡಿಂಗ್ ಎಂಬ ಸಿಹಿಯನ್ನು ಒಂದು ವರ್ಷ ಬಿಟ್ಟು ಆ ಹಣ ಕೊಡುತ್ತೇನೆಂದನು. ವರ್ಷ ಬೇಡ, ಎಲ್ಲರೂ ಒಂದು ವಾರ ಏನಾದರೂ ಬಿಟ್ಟು ಕೊಡಿ ಎಂದು ಅವರ ನಾಯಕ ವಿಲಿಯಂ ಬೂತ್ ಅದನ್ನೇ ದೊಡ್ಡ ನಿಧಿಯಾಗಿ ಮಾಡಿದನು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮದೇ ದೇಶದ ಮಿಜೋರಾಮಿನಲ್ಲಿ 1910ರಿಂದ ಕ್ರೈಸ್ತ ಹೆಂಗಸರು ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಬೇರೆ ತೆಗೆದಿಡುತ್ತಾರೆ. ಸಭೆಯ ಎಷ್ಟೋ ಕೆಲಸ ಆ ಹಿಡಿಯಕ್ಕಿಯಿಂದ ನಡೆದಿದೆ. ಮಠಗಳ ಅನ್ನದಾಸೋಹಕ್ಕೆ ಮನೆಮನೆಯಿಂದ ಧಾನ್ಯ ಕೂಡಿಸುವ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ವಿದ್ಯಾರ್ಥಿಗಳ ವಿಷಯ. ಇದನ್ನು ಹೇಳುವುದಕ್ಕಾಗಿಯೇ ನಾನು ಮುಖ್ಯವಾಗಿ ಲೇಖನಿ ಹಿಡಿದದ್ದು. ಈ ಕಾಲ ಬರುವುದು ಪರೀಕ್ಷೆಯ ಕಾಲದಲ್ಲಿ. 2025ರಲ್ಲಿ ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಮಾರ್ಚಿ 17ರಿಂದ ನಡೆಯಿತು, ತಪಸ್ಸು ಕಾಲದ ನಟ್ಟನಡುವೆ. ಮಗಳು ಬೆಳಗಿನ ತಿಂಡಿ ಬಿಟ್ಟಿದ್ದಾಳೆ, ಅವಳಿಗೆ ಭಕ್ತಿ ಹೆಚ್ಚು ಎಂದು ಹೆಮ್ಮೆಪಡುವ ತಂದೆತಾಯಿಗಳು ಪ್ರತಿ ವರ್ಷ ಸಿಗುತ್ತಾರೆ. ಮಧ್ಯಾಹ್ನದ ಊಟದಲ್ಲಿ ಸರ್ಕಾರ ಕೊಡುವ ಮೊಟ್ಟೆಯನ್ನು ಮನೆಯವರ ಮಾತಿಗೆ ಕಟ್ಟುಬಿದ್ದು ಪಕ್ಕದವನ ತಟ್ಟೆಗೆ ಹಾಕುವ ಹುಡುಗರನ್ನೂ ಕಂಡಿದ್ದೇನೆ. ಪಕ್ಕದವನಿಗೆ ಸಂತೋಷ, ಅದು ಬೇರೆ ಮಾತು! ಬೆಳೆಯುವ ಮೈಗೆ ಇದ್ದ ಒಂದು ಮೊಟ್ಟೆ ತಪ್ಪಿಹೋಯಿತು. ಬಿಗಿಯೆಂದು ಹೆಸರಾದ ಕಥೋಲಿಕ ಸಭೆಯ 1983ರ ಕಾನೂನಿನಲ್ಲಿಯೂ ಉಪವಾಸ ಹದಿನೆಂಟು ತುಂಬಿದವರಿಗೆ ಮಾತ್ರ. ಮಾಂಸ ಬಿಡುವ ನಿಯಮ ಹದಿನಾಲ್ಕು ತುಂಬಿದವರಿಗೆ. ಐವತ್ತೊಂಬತ್ತು ತುಂಬಿದ ಮೇಲೆ ಉಪವಾಸದಿಂದ ಮತ್ತೆ ಬಿಡುಗಡೆ. ಸಭೆಯೇ ಕೇಳದ್ದನ್ನು ಮನೆಯವರು ಮಕ್ಕಳಿಂದ ಏಕೆ ಕೇಳಬೇಕು?

"ಚಿಕ್ಕಂದಿನಲ್ಲಿ ಅಭ್ಯಾಸವಾಗದಿದ್ದರೆ ಮುಂದೆ ಬರುವುದಿಲ್ಲ" ಎಂದು ಕೆಲವು ಪೋಷಕರು ನನ್ನೊಡನೆ ವಾದಿಸಿದ್ದಾರೆ. ಈ ಮಾತಿನಲ್ಲಿ ತಿರುಳಿದೆ. ಗಾಂಧೀಜಿಯವರ ತಾಯಿ ಪುತಲೀಬಾಯಿ ಚಾತುರ್ಮಾಸ್ಯದಲ್ಲಿ ಸೂರ್ಯನನ್ನು ಕಾಣದೆ ಊಟ ಮಾಡುವುದಿಲ್ಲವೆಂದು ವ್ರತ ಹಿಡಿದಿದ್ದರಂತೆ. ಮೋಡದ ದಿನ ಮಕ್ಕಳು ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದು, ಸೂರ್ಯ ಕಂಡೊಡನೆ ಓಡಿಹೋಗಿ ತಾಯಿಯನ್ನು ಕರೆಯುತ್ತಿದ್ದರು. ಆಕೆ ಹೊರಬರುವಷ್ಟರಲ್ಲಿ ಅವನು ಮರೆಯಾಗಿದ್ದರೆ ನಗುತ್ತಲೇ ಒಳಗೆ ಹೋಗುತ್ತಿದ್ದರೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗಮನಿಸಿ: ಹಸಿದಿದ್ದವರು ತಾಯಿ, ಮಕ್ಕಳಲ್ಲ. ಮಗ ನೋಡಿ ಕಲಿತದ್ದು. ಮಕ್ಕಳಿಗೆ ಅಭ್ಯಾಸ ಮಾಡಿಸಬೇಕೆಂದಿರುವವರು ಮೊದಲು ತಮ್ಮ ಬೀಡಿಯನ್ನೋ, ಸಂಜೆಯ ಹರಟೆಯನ್ನೋ, ಮಾತು ಬಿಟ್ಟ ತಮ್ಮನ ಮೇಲಿನ ಹಗೆಯನ್ನೋ ನಲವತ್ತು ದಿನ ಬಿಟ್ಟು ತೋರಿಸಲಿ. ಹಗೆ ಬಿಡುವುದು ಕೋಳಿ ಬಿಡುವುದಕ್ಕಿಂತ ಕಷ್ಟ.

ವಿದ್ಯಾರ್ಥಿಗಳಿಗೆ ಬಿಡಲು ಏನೂ ಇಲ್ಲವೆಂದು ಇದರ ಅರ್ಥವಲ್ಲ. ಮೊಬೈಲು ಉಂಟಲ್ಲ! ದಿನಕ್ಕೊಂದು ಗಂಟೆ ಅದನ್ನು ಕೆಳಗಿಟ್ಟು, ಆ ಗಂಟೆಯಲ್ಲಿ ಲೆಕ್ಕ ಬಾರದ ಗೆಳೆಯನಿಗೆ ಲೆಕ್ಕ ಹೇಳಿಕೊಟ್ಟರೆ ಬಿಟ್ಟದ್ದೂ ಆಯಿತು, ಕೊಟ್ಟದ್ದೂ ಆಯಿತು. ಬಿಟ್ಟದ್ದನ್ನು ಅದೇ ಮೊಬೈಲಿನಲ್ಲಿ ಊರಿಗೆಲ್ಲ ಸಾರಬಾರದು. ಉಪವಾಸ ಮಾಡುವವನು ಮುಖ ಬಾಡಿಸಿಕೊಂಡು ತಿರುಗದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡಿರಲಿ ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. ನಮ್ಮ ಊರಿನ ಬಿಸಿಲಿಗೆ ಆರೋಗ್ಯದ ದೃಷ್ಟಿಯಿಂದಲೂ ಅದು ಒಳ್ಳೆಯ ಸಲಹೆ.

ಮುಂದಿನ ಬಾರಿ ತಪಸ್ಸು ಕಾಲ ಬಂದಾಗ ನಮ್ಮ ಕ್ರೈಸ್ತ ಮನೆಗಳ ತಂದೆತಾಯಿಗಳು ಪರೀಕ್ಷೆಯ ದಿನ ಮಕ್ಕಳಿಗೆ ತಿಂಡಿ ಕೊಟ್ಟೇ ಕಳುಹಿಸಬೇಕು. ರೋಜಾ ಇರುವ ಮಕ್ಕಳ ವಿಷಯವನ್ನು ಅವರ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಅಲ್ಲಿ ನಾನು ಮಾತನಾಡುವುದು ಉಚಿತವಲ್ಲ. ಮಧ್ಯಾಹ್ನ ಮೊಟ್ಟೆ ಬಂದರೆ ನಮ್ಮ ಹುಡುಗರು ತಿನ್ನಲಿ. 2025ರಲ್ಲಿ ಪರೀಕ್ಷೆ ಏಪ್ರಿಲ್ 1ಕ್ಕೆ ಮುಗಿಯಿತು, ಪುನರುತ್ಥಾನದ ಹಬ್ಬ ಬಂದದ್ದು ಏಪ್ರಿಲ್ 20ಕ್ಕೆ. ಏನನ್ನಾದರೂ ಬಿಟ್ಟೇ ತೀರುತ್ತೇನೆನ್ನುವ ಹುಡುಗನಿಗೆ ನಡುವೆ ಹದಿನೆಂಟು ದಿನ ಉಳಿದಿದ್ದವು.