ರೇರಾ ನಂಬರ್ ಇದ್ದರೆ ಬ್ರೋಕರ್ ಪ್ರಾಮಾಣಿಕರೇ?

‘ರೇರಾ ನಂಬರ್ ಇದೆಯಾ ನೋಡಿ, ಸಾಕು’ ಎನ್ನುವ ಸಲಹೆ ಮನೆ ಮಾರುವವರಿಗೆ ಆಗಾಗ ಸಿಗುತ್ತದೆ. ಇದು ನಿಜವೇ?

ಅರ್ಧ ಮಾತ್ರ ನಿಜ. 2016ರ ರೇರಾ ಕಾಯ್ದೆ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿರುವುದು ನೋಂದಾಯಿತ ಬಡಾವಣೆ, ಅಪಾರ್ಟ್‌ಮೆಂಟ್ ಯೋಜನೆಗಳ ಮಾರಾಟಕ್ಕೆ. ಮಂಡ್ಯ ತಾಲ್ಲೂಕಿನ ದುದ್ದದಲ್ಲಿ ಊರೊಳಗಿನ ಹಳೆಯ ಮನೆ ಮಾರಿದರೆ ಆ ನಿಯಮ ಅನ್ವಯಿಸುವುದಿಲ್ಲ.

ಹಾಗಾದರೆ ಏನು ನೋಡಬೇಕು?

* ಕಮಿಷನ್ ಎಷ್ಟು, ಯಾವಾಗ ಎಂದು ಮೊದಲೇ ಬರೆದುಕೊಡುತ್ತಾರೆಯೇ?
* ಕೊಳ್ಳುವವರನ್ನು ಮುಖಾಮುಖಿ ಮಾಡಿಸುತ್ತಾರೆಯೇ? ಇಲ್ಲದಿದ್ದರೆ ನಿಮಗೊಂದು ದರ, ಅವರಿಗೊಂದು ದರ ಹೇಳಿರಬಹುದು.
* ‘ಜಿಪಿಎ ಬರೆದುಕೊಡಿ, ಉಳಿದದ್ದು ನಾನು ನೋಡಿಕೊಳ್ತೀನಿ’ ಎಂದರೆ ಬೇಡ ಎನ್ನಿ.
* ಇ-ಸ್ವತ್ತಿನ ನಮೂನೆ 9, 11 ಪಂಚಾಯಿತಿಯಲ್ಲಿ ನೀವೇ ಪಡೆಯಿರಿ. ಬ್ರೋಕರ್‌ಗೆ ಜೆರಾಕ್ಸ್ ಸಾಕು.
* ಮುಂಗಡ ನಿಮ್ಮ ಬ್ಯಾಂಕ್ ಖಾತೆಗೇ ಬರಲಿ.

ನಾವು ಹೇಳುವುದಿಷ್ಟು: ನಂಬರ್ ನೋಡಿ, ನಡತೆಯನ್ನೂ ನೋಡಿ.