ವಿಮಾನದ ಅಂಕಕ್ಕೆ ಬೆಲೆ ಕಟ್ಟುವವರು ಯಾರು?

ಕಾಸರಗೋಡಿನ ಕರಾವಳಿಯಲ್ಲಿ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಊರು ವಿರಳ. ಮಂಜೇಶ್ವರ, ಉಪ್ಪಳ, ಕುಂಬಳೆಗಳಿಂದ ದುಬೈ, ದೋಹಾ, ಮಸ್ಕತ್‌ಗಳಿಗೆ ಹೋಗಿಬರುವವರಲ್ಲಿ ಅನೇಕರ ಬಳಿ ಪಾಸ್‌ಪೋರ್ಟಿನ ಜತೆಗೆ ಒಂದೆರಡು ವಿಮಾನ ಕಂಪೆನಿಗಳ ಸದಸ್ಯತ್ವದ ಸಂಖ್ಯೆಯೂ ಇರುತ್ತದೆ. ಹಾರಿದಷ್ಟೂ ಅಂಕ, ಅಂಕ ಕೂಡಿದರೆ ಉಚಿತ ಟಿಕೆಟ್ ಎಂಬುದು ಆ ಸಂಖ್ಯೆಯ ಹಿಂದಿರುವ ಭರವಸೆ. ಯಾರ ಯೋಜನೆ ಲೇಸು ಎಂಬ ಮಾತು ಬಂದಾಗ ಸಾಮಾನ್ಯವಾಗಿ ಅಂಕಗಳ ಸಂಖ್ಯೆಯನ್ನಷ್ಟೇ ಪಕ್ಕಪಕ್ಕಕ್ಕಿಟ್ಟು ನೋಡಲಾಗುತ್ತದೆ. ನೋಡಬೇಕಾದ್ದು ಬೇರೊಂದು: ಕೂಡಿಟ್ಟ ಅಂಕದ ಬೆಲೆಯನ್ನು ನಾಳೆ ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ?

ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ 1981ರ ಮೇ 1ರಂದು ತನ್ನ ‘ಎಅಡ್ವಾಂಟೇಜ್’ ಯೋಜನೆಯನ್ನು ಆರಂಭಿಸಿದಾಗ ಲೆಕ್ಕ ಸರಳವಾಗಿತ್ತು. ಹಾರಿದ ಮೈಲಿಗೆ ತಕ್ಕ ಅಂಕ. ಅದಕ್ಕೆಂದೇ ಈ ಅಂಕಗಳಿಗೆ ಇಂದಿಗೂ ‘ಮೈಲಿ’ ಎಂಬ ಹೆಸರು. ಆದರೆ ಹೆಸರು ಉಳಿಯಿತು, ದೂರ ಉಳಿಯಲಿಲ್ಲ. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ, ನಮ್ಮ ಏರ್ ಇಂಡಿಯಾ 2024ರಲ್ಲಿ ದೂರವನ್ನು ಕೈಬಿಟ್ಟು ಪ್ರಯಾಣಿಕನು ಕೊಟ್ಟ ಹಣದ ಮೇಲೆ ಅಂಕ ಕೊಡುವ ಪದ್ಧತಿಗೆ ಬಂದವು. ಅಗ್ಗದ ಟಿಕೆಟ್ ಹುಡುಕಿ ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವನಿಗೂ ಕಂಪೆನಿಯ ಖರ್ಚಿನಲ್ಲಿ ಮುಂದಿನ ದರ್ಜೆಯಲ್ಲಿ ಹಾರುವವನಿಗೂ ದೂರ ಒಂದೇ ಆಗಿದ್ದರೂ, ಅಂಕ ಈಗ ಒಂದೇ ಅಲ್ಲ.

ಅಂಕವೊಂದರ ನಿಜ ಬೆಲೆ ತಿಳಿಯುವ ಕ್ರಮ ಕಷ್ಟದ್ದಲ್ಲ. ಅದೇ ದಿನದ ಅದೇ ವಿಮಾನದ ನಗದು ದರವನ್ನು ತೆಗೆದುಕೊಂಡು, ‘ಉಚಿತ’ ಟಿಕೆಟಿಗೂ ಕೈಯಿಂದ ತೆರಬೇಕಾದ ತೆರಿಗೆ ಮತ್ತು ಶುಲ್ಕವನ್ನು ಕಳೆದು, ಉಳಿದುದನ್ನು ಬೇಕಾಗುವ ಅಂಕಗಳಿಂದ ಭಾಗಿಸಿದರೆ ಸಾಕು. ದರ 14,000 ರೂಪಾಯಿ, ತೆರಿಗೆ ಇತ್ಯಾದಿ 4,000, ಬೇಕಾಗುವ ಅಂಕ 20,000 ಎಂದು ಭಾವಿಸಿದರೆ ಅಂಕವೊಂದಕ್ಕೆ 50 ಪೈಸೆ. ಇನ್ನು ಓಣಂ ಸಮಯಕ್ಕೋ ಕೊಲ್ಲಿಯ ಶಾಲೆಗಳ ಬೇಸಗೆ ರಜೆಗೋ ಅದೇ ಟಿಕೆಟ್ 34,000ಕ್ಕೆ ಏರಿತೆನ್ನಿ. ಬೇಕಾಗುವ ಅಂಕ 20,000ವೇ ಆಗಿದ್ದರೆ ಪ್ರತಿ ಅಂಕಕ್ಕೆ ಒಂದೂವರೆ ರೂಪಾಯಿ ಸಿಕ್ಕಂತೆ. ಅಂಕ ಕೂಡಿಟ್ಟವನಿಗೆ ನಿಜವಾದ ಲಾಭ ಇರುವುದು ಇಲ್ಲಿಯೇ: ಎಲ್ಲರಿಗೂ ದರ ಏರಿದ ದಿನ ಅವನಿಗೆ ಏರದಿರುವುದು.

ಈ ಲಾಭವನ್ನು ಕಂಪೆನಿಗಳೂ ಬಲ್ಲವು. ನಿಗದಿತ ಅಂಕಗಳ ಪಟ್ಟಿಯನ್ನು ತೆಗೆದುಹಾಕಿ, ನಗದು ದರ ಏರಿದಂತೆ ಅಂಕವನ್ನೂ ಏರಿಸುವ ಪದ್ಧತಿ ಹೆಚ್ಚುತ್ತಿರುವುದು ಅದಕ್ಕಾಗಿ. ಮೇಲಿನ ಉದಾಹರಣೆಯಲ್ಲಿ ರಜೆಯ ದಿನಕ್ಕೆ 60,000 ಅಂಕ ಕೇಳಿದರೆ ಬೆಲೆ ಮತ್ತೆ 50 ಪೈಸೆಗೇ ಇಳಿಯಿತು. ಪಟ್ಟಿಯನ್ನು ಉಳಿಸಿಕೊಂಡವರಲ್ಲಿ ಆ ದಿನಕ್ಕೆ ಅಂಕದ ಸೀಟೇ ಇಲ್ಲ ಎಂಬ ಉತ್ತರ ಬರುವುದುಂಟು. ಆದ್ದರಿಂದ ಯೋಜನೆಗಳನ್ನು ಹೋಲಿಸುವವರು ಸಾಧಾರಣ ದಿನದ ಬೆಲೆಯನ್ನು ನೋಡದೆ, ತಾವು ನಿಜವಾಗಿ ಊರಿಗೆ ಬರುವ ತಿಂಗಳಿನ ಬೆಲೆಯನ್ನು ನೋಡುವುದು ಒಳ್ಳೆಯದು.

ಎರಡನೆಯದು ದಾರಿ. ಎಮಿರೇಟ್ಸ್‌ನ ‘ಸ್ಕೈವರ್ಡ್ಸ್’ ಹೆಸರಾಂತ ಯೋಜನೆ. ಆದರೆ ಎಮಿರೇಟ್ಸ್‌ನ ನಿಯಮಿತ ವಿಮಾನ ಮಂಗಳೂರಿಗೂ ಇಲ್ಲ, ಕಣ್ಣೂರಿಗೂ ಇಲ್ಲ. ಕೊಚ್ಚಿಗೋ ಬೆಂಗಳೂರಿಗೋ ಬಂದಿಳಿದು, ರಾತ್ರಿಯಿಡೀ ರೈಲಿನಲ್ಲೋ ಬಸ್ಸಿನಲ್ಲೋ ಕುಳಿತು ಕುಂಬಳೆ ಸೇರಬೇಕಾದವನಿಗೆ ಆ ಅಂಕದ ಬೆಲೆಯಿಂದ ಈ ಖರ್ಚೂ ದಣಿವೂ ಕಳೆಯತಕ್ಕವು. ಮಂಗಳೂರು, ಕಣ್ಣೂರುಗಳಿಂದ ಕೊಲ್ಲಿಗೆ ಹಾರುವ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಟಾಟಾ ಸಮೂಹದ ‘ನ್ಯೂಕಾಯಿನ್’ ಸಿಗುತ್ತದೆ. ಒಂದು ನಾಣ್ಯಕ್ಕೆ ಒಂದು ರೂಪಾಯಿ. ಕೇಳಲು ಸಪ್ಪೆ. ಆದರೆ ಬೆಲೆ ಎಷ್ಟೆಂದು ಮೊದಲೇ ಗೊತ್ತಿರುವ ಸಪ್ಪೆ ವಸ್ತುವಿಗೂ ಒಂದು ಗುಣವಿದೆ. ಬಹುಕಾಲ ಇಂಥ ಯೋಜನೆಯೇ ಇಲ್ಲದೆ ಕಡಿಮೆ ದರವನ್ನೇ ನಂಬಿ ಬೆಳೆದ ಇಂಡಿಗೋ ಕೂಡ 2024ರಲ್ಲಿ ‘ಬ್ಲೂಚಿಪ್’ ಎಂಬುದನ್ನು ತಂದಿದೆ.

ಮೂರನೆಯದು ಆಯುಷ್ಯ. ಸ್ಕೈವರ್ಡ್ಸ್, ಸಿಂಗಾಪುರದ ಕ್ರಿಸ್‌ಫ್ಲೈಯರ್ ಮೊದಲಾದವುಗಳ ಅಂಕಗಳಿಗೆ ಸುಮಾರು ಮೂರು ವರ್ಷ. ಡೆಲ್ಟಾ ಮತ್ತು ಯುನೈಟೆಡ್‌ಗಳಲ್ಲಿ ಅವಧಿಯ ಮಿತಿಯಿಲ್ಲ. ಮೂರು ವರ್ಷ ಎಂದರೆ ಬಡ ಪ್ರಯಾಣಿಕನಿಗೆ ಏನೆಂಬುದನ್ನು ಲೆಕ್ಕ ಹಾಕಬಹುದು. ಒಂದು ಕಡೆಯ ಮೂಲ ದರ 12,000 ರೂಪಾಯಿ, ನೂರು ರೂಪಾಯಿಗೆ ಐದು ಅಂಕ ಎಂದಾದರೆ ಹೋಗಿಬರುವುದಕ್ಕೆ 1,200 ಅಂಕ. ಎರಡು ವರ್ಷಕ್ಕೊಮ್ಮೆ ಬರುವವನ ಖಾತೆಯಲ್ಲಿ ಒಂದು ಕಾಲಕ್ಕೆ ಹೆಚ್ಚೆಂದರೆ ಎರಡು ಪ್ರವಾಸಗಳ 2,400 ಅಂಕ ಜೀವಂತವಾಗಿರುತ್ತವೆ; 20,000ದ ಟಿಕೆಟಿಗೆ ಅದು ಎಂಟರಲ್ಲೊಂದು ಪಾಲೂ ಅಲ್ಲ. ಅವನ ಅಂಕಗಳು ಹುಟ್ಟುವುದೇ ಸಾಯುವುದಕ್ಕೆ. ಹೀಗೆ ಯಾರೂ ಕೇಳದೆ ಸಾಯುವ ಅಂಕಗಳಿಗೆ ಲೆಕ್ಕಶಾಸ್ತ್ರದಲ್ಲಿ ಸ್ಥಾನವಿದೆ: ಟಿಕೆಟ್ ಹಣದ ಒಂದು ಭಾಗವನ್ನು ಮುಂದೆ ತೀರಿಸಬೇಕಾದ ಬಾಧ್ಯತೆಯೆಂದು ಎತ್ತಿಡುವ ಕಂಪೆನಿ, ಅಂಕ ಬಳಕೆಯಾಗದೆ ಉಳಿಯುವ ಪ್ರಮಾಣವನ್ನು ಮೊದಲೇ ಅಂದಾಜಿಸಿ ಆದಾಯಕ್ಕೆ ಸೇರಿಸಿಕೊಳ್ಳುತ್ತದೆ.

ಹಾಗಾದರೆ ಈ ಯೋಜನೆಗಳಿಂದ ಯಾರಿಗೆ ಲಾಭ? ಕ್ರೆಡಿಟ್ ಕಾರ್ಡಿನಲ್ಲಿ ಹೆಚ್ಚು ಖರ್ಚು ಮಾಡುವವರಿಗೆ ಒಂದಿಷ್ಟು, ಕಂಪೆನಿಗೆ ಬಹಳಷ್ಟು. ವಿಮಾನ ಕಂಪೆನಿಗಳು ಅಂಕಗಳನ್ನು ಬ್ಯಾಂಕುಗಳಿಗೆ ಮಾರುತ್ತವೆ. ಬ್ಯಾಂಕುಗಳು ಅವನ್ನು ಕಾರ್ಡುದಾರರಿಗೆ ಹಂಚುತ್ತವೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಯುನೈಟೆಡ್ ಸಂಸ್ಥೆ ತನ್ನ ‘ಮೈಲೇಜ್‌ಪ್ಲಸ್’ ಯೋಜನೆಯನ್ನೇ ಒತ್ತೆಯಿಟ್ಟು ಸಾಲ ಎತ್ತಿದಾಗ ಅದಕ್ಕೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್. ಆ ದಿನಗಳಲ್ಲಿ ವಿಮಾನಗಳೂ ಸೇರಿದಂತೆ ಇಡೀ ಸಂಸ್ಥೆಯ ಷೇರು ಮೌಲ್ಯ ಅಷ್ಟಿರಲಿಲ್ಲ.

ಒತ್ತೆಯಿಡುವಷ್ಟು ಬೆಲೆಬಾಳುವ ಈ ಅಂಕ ಸದಸ್ಯನ ಆಸ್ತಿಯೇ? ಅಲ್ಲವೆಂದು ಎಅಡ್ವಾಂಟೇಜ್, ಡೆಲ್ಟಾದ ಸ್ಕೈಮೈಲ್ಸ್ ಮುಂತಾದವುಗಳ ನಿಬಂಧನೆಗಳು ನೇರವಾಗಿಯೇ ಹೇಳುತ್ತವೆ. ಬ್ಯಾಂಕಿನ ಠೇವಣಿಯಂತೆ ಮಡದಿಗೋ ಮಕ್ಕಳಿಗೋ ಹಕ್ಕಾಗಿ ದಾಟುವ ವಸ್ತು ಇದಲ್ಲ.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎದುರಿಸಿವೆ. ಅಮೆರಿಕನ್ ಏರ್‌ಲೈನ್ಸ್ 1988ರಲ್ಲಿ ನಿಯಮಗಳನ್ನು ಬಿಗಿಗೊಳಿಸಿ, ಅಂಕದ ಸೀಟುಗಳಿಗೆ ಮಿತಿ ಹೇರಿ, ಕೆಲವು ದಿನಗಳಂದು ಬಳಕೆಯನ್ನೇ ನಿಷೇಧಿಸಿತು. ಅದೂ ಆಗಲೇ ಗಳಿಸಿದ್ದ ಅಂಕಗಳಿಗೆ ಅನ್ವಯವಾಗುವಂತೆ. ಸದಸ್ಯರು ಹೂಡಿದ ವೋಲೆನ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1995ರಲ್ಲಿ ಅರ್ಧ ಬಾಗಿಲು ತೆರೆಯಿತು: ರಾಜ್ಯದ ಗ್ರಾಹಕ ವಂಚನೆ ಕಾನೂನಿನಡಿ ದಾವೆ ಸಲ್ಲದು, ಆದರೆ ಕಂಪೆನಿ ತಾನೇ ಕೊಟ್ಟ ಮಾತಿಗೆ ತಪ್ಪಿದರೆ ಕರಾರು ಉಲ್ಲಂಘನೆಯ ದಾವೆ ಸಲ್ಲುತ್ತದೆ. ಮುಂದೆ ನಾರ್ತ್‌ವೆಸ್ಟ್ ಸಂಸ್ಥೆ 2008ರಲ್ಲಿ, ಎಂಟು ತಿಂಗಳಲ್ಲಿ 24 ದೂರು ಕೊಟ್ಟಿದ್ದೀರಿ, ಅದರಲ್ಲಿ ಒಂಬತ್ತು ಬ್ಯಾಗು ತಡವಾಗಿ ಬಂದ ಬಗ್ಗೆ, ಎಂಬುದನ್ನು ಎತ್ತಿ ಹೇಳಿ ರಬ್ಬಿ ಗಿನ್ಸ್‌ಬರ್ಗ್ ಎಂಬವರ ಉನ್ನತ ದರ್ಜೆಯ ಸದಸ್ಯತ್ವವನ್ನೇ ರದ್ದುಪಡಿಸಿತು. ‘ಕಂಪೆನಿಯ ಏಕೈಕ ವಿವೇಚನೆ’ಯಂತೆ ಹಾಗೆ ಮಾಡಲು ನಿಬಂಧನೆಯಲ್ಲಿ ಅವಕಾಶವಿತ್ತು. ಸದ್ಭಾವನೆಯಿಂದ ನಡೆದುಕೊಳ್ಳುವ ಹೊಣೆ ಕಂಪೆನಿಗಿಲ್ಲವೇ ಎಂಬ ಅವರ ವಾದವನ್ನು ಅದೇ ಸುಪ್ರೀಂ ಕೋರ್ಟ್ 2014ರಲ್ಲಿ ಒಮ್ಮತದಿಂದ ತಳ್ಳಿಹಾಕಿತು. ಕೆಟ್ಟ ಹೆಸರಿನ ಯೋಜನೆಯಿಂದ ದೂರವಿದ್ದು ಪ್ರಯಾಣಿಕನು ತನ್ನನ್ನು ತಾನು ಕಾಪಾಡಿಕೊಳ್ಳಬಹುದಂತೆ. ಒಂದೇ ಕಂಪೆನಿ ಹಾರುವ ದಾರಿಯಲ್ಲಿ ಈ ಸಮಾಧಾನ ಎಷ್ಟರಮಟ್ಟಿನದೆಂದು ನ್ಯಾಯಾಲಯ ಹೇಳಲಿಲ್ಲ.

ಕಂಪೆನಿಯೇ ಮುಳುಗಿದರೆ ಬೇರೆಯೇ ಕತೆ. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು. ಅದರ ‘ಕಿಂಗ್ ಕ್ಲಬ್’ ಅಂಕಗಳು ಅದರೊಂದಿಗೇ ಹೋದವು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಾಗ ‘ಜೆಟ್‌ಪ್ರಿವಿಲೆಜ್’ ಅಂಕಗಳು ಹಾಗೆ ಹೋಗಲಿಲ್ಲ. ಕಾರಣ ಔದಾರ್ಯವಲ್ಲ: ಆ ಯೋಜನೆ ಮೊದಲೇ ಬೇರೆ ಕಂಪೆನಿಯಾಗಿ ಒಡೆದಿತ್ತು, ಅದರಲ್ಲಿ ಎತಿಹಾದ್‌ಗೆ ಅರ್ಧಕ್ಕಿಂತ ಹೆಚ್ಚು ಪಾಲಿತ್ತು. ಅದು ‘ಇಂಟರ್‌ಮೈಲ್ಸ್’ ಎಂಬ ಹೆಸರಿನಲ್ಲಿ ಮುಂದುವರಿಯಿತು. ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ವಿಲೀನಗೊಂಡಾಗ ಅಂಕಕ್ಕೆ ಅಂಕ ಎಂಬಂತೆ ವರ್ಗಾವಣೆಯಾಯಿತು. ಹೀಗೆ ಯಾರೂ ಹೊತ್ತುಕೊಳ್ಳದಿದ್ದರೆ, ದಿವಾಳಿ ಸಂಹಿತೆಯ 53ನೇ ಸೆಕ್ಷನಿನ ಸರದಿಯಲ್ಲಿ ಬ್ಯಾಂಕು, ಕಾರ್ಮಿಕರು, ಸರಕಾರ ಎಲ್ಲರ ಹಿಂದೆ ‘ಉಳಿದ ಬಾಕಿ’ ಎಂಬ ಬಾಲದಲ್ಲಿ ಅಂಕದಾರ ನಿಲ್ಲಬೇಕಾದೀತು.

ಭಾರತದ ಕಾನೂನು ಸದಸ್ಯನ ಕೈಯನ್ನು ಪೂರ್ತಿ ಕಟ್ಟಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 2(46)ನೇ ಸೆಕ್ಷನ್ ‘ಅನ್ಯಾಯದ ಕರಾರು’ ಎಂಬುದನ್ನು ಹೊಸದಾಗಿ ಗುರುತಿಸಿತು. ಸಮಂಜಸ ಕಾರಣವಿಲ್ಲದೆ ಒಂದು ಪಕ್ಷವೇ ಕರಾರನ್ನು ಮುರಿಯಬಹುದೆಂಬ ಷರತ್ತು ಅದರೊಳಗೆ ಬರುತ್ತದೆ. ತೊಡಕಿರುವುದು ಸ್ಥಳದಲ್ಲಿ. ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗ ಕೇಳಲಾಗದು. ರಾಜ್ಯ ಆಯೋಗಕ್ಕೇ ಹೋಗಬೇಕು, ಎಂದರೆ ಕಾಸರಗೋಡಿನವನು ರಾಜ್ಯದ ಈ ತುದಿಯಿಂದ ಆ ತುದಿಗೆ, ತಿರುವನಂತಪುರಕ್ಕೆ. 2,400 ಅಂಕಕ್ಕಾಗಿ ಯಾರು ಹೋದಾರು? ಆದರೆ ಗಳಿಸಿದ ಅಂಕವನ್ನು ಖಾತೆಗೆ ಹಾಕದಿರುವುದು, ಖಚಿತಪಡಿಸಿದ ಅಂಕದ ಟಿಕೆಟನ್ನು ಕಾರಣವಿಲ್ಲದೆ ರದ್ದುಪಡಿಸುವುದು ಸೇವಾ ನ್ಯೂನತೆ ಎಂಬ ನೆಲೆಯಲ್ಲಿ ಜಿಲ್ಲಾ ಆಯೋಗದ ಮುಂದೆಯೇ ತರಬಹುದಾದ ವಿಷಯಗಳು. ದೂರುದಾರ ವಾಸವಾಗಿರುವ ಜಿಲ್ಲೆಯಲ್ಲಿ ದೂರು ಕೊಡಲು 34ನೇ ಸೆಕ್ಷನ್ ಅವಕಾಶ ನೀಡುತ್ತದೆ. ಪ್ರತಿಫಲ ಐದು ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಟಿಕೆಟಿನ ಹಣ ಕೊಟ್ಟದ್ದು ಧಣಿಯಾದರೂ, ಆತನ ಒಪ್ಪಿಗೆಯಿಂದ ಸೇವೆ ಪಡೆದವನೂ ಕಾಯಿದೆಯ ಕಣ್ಣಿನಲ್ಲಿ ಗ್ರಾಹಕನೇ. ಸೇರಿದ ದಿನದ ನಿಬಂಧನೆಗಳ ಪ್ರತಿಯನ್ನೂ ಬೋರ್ಡಿಂಗ್ ಪಾಸನ್ನೂ ಖಾತೆಯ ವಿವರವನ್ನೂ ತೆಗೆದಿಟ್ಟವನ ದೂರಿಗೆ ಬಲವಿರುತ್ತದೆ. ಕಂಪೆನಿಯ ಪುಟದಲ್ಲಿ ಇಂದು ಕಾಣುವ ನಿಬಂಧನೆ ಅವನು ಒಪ್ಪಿದ್ದ ನಿಬಂಧನೆಯೇ ಆಗಿರಬೇಕೆಂದಿಲ್ಲ.